ವಿಪತ್ತಿನ ದಿನಗಳಲ್ಲಿ ಮಗುವಿನ ಇನ್ಸುಲಿನ್

ನನ್ನ ಮಗಳಿಗೆ ಟೈಪ್ 1 ಮಧುಮೇಹವಿದೆ. ಚಂಡಮಾರುತವೋ ಪ್ರವಾಹವೋ ಬರಲಿದೆ ಎಂಬ ಮುನ್ಸೂಚನೆ ಕೇಳಿದೊಡನೆ ನಮ್ಮ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಇನ್ಸುಲಿನ್ ಎಷ್ಟು ದಿನಕ್ಕಿದೆ ಎಂಬುದು. ಇಂಥ ಮಕ್ಕಳ ದೇಹದಲ್ಲಿ ಇನ್ಸುಲಿನ್ ಬಹುಮಟ್ಟಿಗೆ ತಯಾರಾಗುವುದೇ ಇಲ್ಲವಾದ್ದರಿಂದ, ಹೊರಗಿನಿಂದ ಕೊಡುವುದು ನಿಂತರೆ ರಕ್ತದಲ್ಲಿ ಕೀಟೋನ್‌ಗಳು ಎಂಬ ಆಮ್ಲಗಳು ಹೆಚ್ಚಿ, ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಕೀಟೋಆಸಿಡೋಸಿಸ್ ಎಂಬ ಪ್ರಾಣಾಪಾಯದ ಸ್ಥಿತಿ ಉಂಟಾಗುತ್ತದೆ. ಸಕ್ಕರೆಯ ಮಟ್ಟ ಎಂದಿನಂತೆ ಹಿಡಿತದಲ್ಲಿರಬೇಕೆಂಬ ಹಟವನ್ನು ಆ ದಿನಗಳ ಮಟ್ಟಿಗೆ ಸಡಿಲಿಸಬಹುದು, ಆದರೆ ಇನ್ಸುಲಿನ್ ಪೂರ್ತಿ ತಪ್ಪುವುದಕ್ಕೆ ಮಾತ್ರ ಅವಕಾಶ ಕೊಡಬಾರದು ಎಂಬುದು ನನ್ನ ನಿಲುವು.

ವಿದ್ಯುತ್ ಹೋಗಿ ಫ್ರಿಜ್ ನಿಂತಾಗ ಎಷ್ಟೋ ಪೋಷಕರು ಗಾಬರಿಯಿಂದ ಇನ್ಸುಲಿನ್ ಎಸೆಯಲು ಹೊರಡುತ್ತಾರೆ. ತೆರೆಯದ ವಯಲ್‌ಗಳನ್ನು, ಅಂದರೆ ಇನ್ಸುಲಿನ್‌ನ ಪುಟ್ಟ ಸೀಸೆಗಳನ್ನು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬುದು ನಿಜ. ಆದರೆ ಬಹುತೇಕ ಇನ್ಸುಲಿನ್‌ಗಳು 25ರಿಂದ 30 ಡಿಗ್ರಿಯೊಳಗಿನ ಉಷ್ಣತೆಯಲ್ಲಿ ಸುಮಾರು 4 ವಾರ ಕೆಡದೆ ಉಳಿಯುತ್ತವೆ. ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿಯೂ ಅದರ ಶಕ್ತಿ ಕ್ರಮೇಣ ಕುಂದುತ್ತದೆಯೇ ಹೊರತು ಒಮ್ಮೆಲೇ ಇಲ್ಲವಾಗುವುದಿಲ್ಲ. ಬೇರೆ ಇನ್ಸುಲಿನ್ ಸಿಗುವವರೆಗೆ ಅದನ್ನೇ ಕೊಡುತ್ತ, ಸಕ್ಕರೆಯನ್ನು ಹೆಚ್ಚು ಸಲ ಪರೀಕ್ಷಿಸುವುದು ಏನೂ ಕೊಡದಿರುವುದಕ್ಕಿಂತ ಎಷ್ಟೋ ಮೇಲು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಪಾತ್ರೆಯೊಳಗೆ ಇಟ್ಟರೂ ತಕ್ಕಮಟ್ಟಿನ ತಂಪು ಸಿಗುತ್ತದೆ. ಮಂಜುಗಡ್ಡೆಗೆ ತಾಗಿಸಿ ಇಡುವುದು ಮಾತ್ರ ತಪ್ಪು, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು.

ಪರಿಹಾರ ಸಾಮಗ್ರಿಯಾಗಿ ಬರುವ ಇನ್ಸುಲಿನ್ ಮತ್ತು ಸಿರಿಂಜ್‌ಗಳ ಬಗ್ಗೆ ನನಗೆ ಇದಕ್ಕಿಂತ ಹೆಚ್ಚಿನ ಆತಂಕವಿದೆ. ಒಂದು ಮಿಲಿಲೀಟರ್‌ನಲ್ಲಿ 40 ಯೂನಿಟ್ ಇರುವ ವಯಲ್‌ಗಳು ಕೆಲವು ದೇಶಗಳಲ್ಲಿ ಇನ್ನೂ ಬಳಕೆಯಲ್ಲಿವೆ, ಉಳಿದೆಡೆ 100 ಯೂನಿಟ್‌ನವು. ಎರಡಕ್ಕೂ ಸಿರಿಂಜ್ ಬೇರೆ ಬೇರೆ. 40ರ ಸಿರಿಂಜ್‌ನಲ್ಲಿ 100ರ ಇನ್ಸುಲಿನ್ ಎಳೆದರೆ ಮಗುವಿಗೆ ಬೇಕಾದುದರ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ, ಅದಲುಬದಲಾದರೆ ಬೇಕಾದುದರ ಐದರಲ್ಲಿ ಎರಡು ಭಾಗವಷ್ಟೇ ಹೋಗುತ್ತದೆ. ಸೂಜಿ ಚುಚ್ಚುವವರು ಎಷ್ಟೇ ಅವಸರದಲ್ಲಿದ್ದರೂ ವಯಲ್ ಮತ್ತು ಸಿರಿಂಜ್ ಎರಡರ ಮೇಲಿನ ಅಂಕಿಯನ್ನು ಓದಿ ಹೇಳುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಮಗು ಊಟ ಬಿಟ್ಟಿದೆ ಅಥವಾ ವಾಂತಿ ಮಾಡುತ್ತಿದೆ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸುವವರಿದ್ದಾರೆ. ಊಟದ ಹೊತ್ತಿನ ಪ್ರಮಾಣವನ್ನು ತಗ್ಗಿಸಬೇಕಾಗಬಹುದು, ಆದರೆ ದಿನವಿಡೀ ಕೆಲಸ ಮಾಡುವ ದೀರ್ಘಾವಧಿಯ ಇನ್ಸುಲಿನ್ ಆಗಲೂ ಬೇಕೇ ಬೇಕು. ರಕ್ತದ ಸಕ್ಕರೆ ಡೆಸಿಲೀಟರ್‌ಗೆ 250 ಮಿಲಿಗ್ರಾಂ ದಾಟಿದ್ದರೆ, ಅಥವಾ ವಾಂತಿ, ಹೊಟ್ಟೆನೋವು, ಏದುಸಿರು ಕಂಡುಬಂದರೆ, ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ಸ್ಟ್ರಿಪ್‌ನಿಂದ ನೋಡಬೇಕು. ಕೀಟೋನ್ ಹೆಚ್ಚಿದ್ದು ವಾಂತಿಯೂ ನಿಲ್ಲದಿದ್ದರೆ ಆಸ್ಪತ್ರೆಯೇ ಗತಿ. ದೇಹಕ್ಕೆ ಸದಾ ಸ್ವಲ್ಪಸ್ವಲ್ಪವೇ ಇನ್ಸುಲಿನ್ ಹರಿಸುವ ಪುಟ್ಟ ಯಂತ್ರವಾದ ಪಂಪ್ ಬಳಸುವ ಮಕ್ಕಳಲ್ಲಿ ದೀರ್ಘಾವಧಿಯ ಇನ್ಸುಲಿನ್ ಇರುವುದಿಲ್ಲವಾದ್ದರಿಂದ ಪಂಪ್ ನಿಂತ ಕೆಲವೇ ಗಂಟೆಗಳಲ್ಲಿ ಕೀಟೋಆಸಿಡೋಸಿಸ್ ಬರಬಹುದು. ಹಾಗಾಗಿ ಅವರ ಚೀಲದಲ್ಲಿ ಸಿರಿಂಜ್ ಮತ್ತು ಊಟದ ಹೊತ್ತಿನದು, ದೀರ್ಘಾವಧಿಯದು ಎಂಬ ಎರಡೂ ಬಗೆಯ ಇನ್ಸುಲಿನ್ ಇರಲೇಬೇಕು.

ಶಿಬಿರದಲ್ಲಿ ಇನ್ನೊಂದು ತೊಡಕಿದೆ. ಶುಗರ್ ಇದ್ದವರಿಗೆ ಸಿಹಿ ಕೊಡಬಾರದೆಂದು ನಂಬಿದ ಸಹೃದಯರು ಅಲ್ಲಿ ಇದ್ದೇ ಇರುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗಿಳಿದು ಮಗು ನಡುಗುತ್ತ ಬೆವರುತ್ತಿರುವಾಗ ಈ ನಂಬಿಕೆ ಅಪಾಯಕಾರಿ. ಆಗ ದೊಡ್ಡ ಮಕ್ಕಳಿಗೆ ಸುಮಾರು 15 ಗ್ರಾಂ, ಚಿಕ್ಕವರಿಗೆ ತೂಕಕ್ಕೆ ತಕ್ಕಂತೆ ಕಡಿಮೆ, ಗ್ಲೂಕೋಸ್ ಅಥವಾ ಸಕ್ಕರೆ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಶಿಬಿರಕ್ಕೆ ಹೋದ ಕೂಡಲೇ ಅಲ್ಲಿನ ಹೊಣೆ ಹೊತ್ತವರಿಗೆ ಇದನ್ನು ತಿಳಿಸುವುದು ಒಳ್ಳೆಯದು.

ಕನಿಷ್ಠ ಎರಡು ವಾರಕ್ಕಾಗುವಷ್ಟು ಇನ್ಸುಲಿನ್, ಸೂಜಿ, ಸ್ಟ್ರಿಪ್, ಮೀಟರ್‌ನ ಬ್ಯಾಟರಿ, ಮತ್ತು ಮಗುವಿನ ಪ್ರಮಾಣಗಳನ್ನು ಬರೆದ ಕಾಗದವನ್ನು ನೀರು ಹೋಗದ ಚೀಲದಲ್ಲಿ ಇಡಬೇಕು. ಮೊಬೈಲ್‌ನಲ್ಲಿ ಇದೆಯಲ್ಲ ಎಂಬ ಧೈರ್ಯ ಚಾರ್ಜ್ ಇರುವವರೆಗೆ ಮಾತ್ರ.

ನೀರು ಇಳಿದ ಮೇಲೆ, ನೆಲ ನಡುಗುವುದು ನಿಂತ ಮೇಲೆ, ಕೆಲಸ ಮುಗಿಯುವುದಿಲ್ಲ. 1995ರ ಕೋಬೆ ಭೂಕಂಪದ ನಂತರ ನಡೆದ ಅಧ್ಯಯನಗಳಲ್ಲಿ ಮಧುಮೇಹವಿರುವವರ ಸಕ್ಕರೆಯ ನಿಯಂತ್ರಣ ಹದಗೆಟ್ಟಿದ್ದು ಕಂಡುಬಂದಿತ್ತು. ನಿದ್ದೆಗೇಡು, ಭಯ, ಹೊತ್ತುತಪ್ಪಿದ ಊಟ ಎಲ್ಲವೂ ಇದಕ್ಕೆ ಕಾರಣವಾಗುತ್ತವೆ. ಹಳೆಯ ದಿನಚರಿ ಮರಳಿದಂತೆ ಇನ್ಸುಲಿನ್‌ನ ಅಗತ್ಯ ಮತ್ತೆ ತಗ್ಗಬಹುದಾದ್ದರಿಂದ, ವಿಪತ್ತಿನಲ್ಲಿ ಹೆಚ್ಚಿಸಿದ ಪ್ರಮಾಣವನ್ನೇ ಮುಂದುವರಿಸದೆ ವೈದ್ಯರೊಂದಿಗೆ ಕುಳಿತು ಮರುಹೊಂದಿಸಿಕೊಳ್ಳಬೇಕು. ರಾತ್ರಿ ಸಕ್ಕರೆ ಇಳಿಯುವ ಭಯವಿರುವಷ್ಟು ದಿನ ನಡುರಾತ್ರಿ ಒಮ್ಮೆ ಎದ್ದು ನೋಡುವುದೂ ಅಗತ್ಯ.