ಮುರಕಲ್ಲಿನ ಗೋಡೆಗೆ ಬರೆದುಕೊಟ್ಟ ಶಿಫಾರಸು

ಪೇಂಟ್ ಕಂಪನಿಯೊಂದರ ತಾಂತ್ರಿಕ ವಿಭಾಗದಲ್ಲಿ ಕರಾವಳಿಯ ಸೈಟ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಜನವರಿಯಿಂದ ಮೇ ತಿಂಗಳ ಮಧ್ಯದವರೆಗೆ ಮನೆಗಳ ಹೊರಗೋಡೆಗಳನ್ನು ನೋಡಿ, ಯಾವ ಪ್ರೈಮರ್, ಯಾವ ಟಾಪ್‌ಕೋಟ್, ಎಷ್ಟು ಬಕೆಟ್ ಎಂದು ಬರೆದುಕೊಡುತ್ತೇನೆ. ಜುಲೈಯಿಂದ ಮುಂದಕ್ಕೆ, ಹಾಗೆ ಬರೆದುಕೊಟ್ಟದ್ದರ ಮೇಲೆ ಬರುವ ದೂರುಗಳನ್ನು ನೋಡಲು ಅದೇ ಮನೆಗಳ ಗೇಟು ತೆರೆಯುತ್ತೇನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುವ ಈ ಜಿಲ್ಲೆಗಳಲ್ಲಿ ಹೊರಗೋಡೆಗೆ ಬಣ್ಣ ಆರಿಸುವುದಕ್ಕೂ ಬಳ್ಳಾರಿಯಲ್ಲಿ ಆರಿಸುವುದಕ್ಕೂ ಇರುವ ವ್ಯತ್ಯಾಸ ನಮ್ಮ ಶೇಡ್ ಕಾರ್ಡಿನಲ್ಲಿಯೂ ಇಲ್ಲ, ಟಾರ್ಗೆಟ್ ಶೀಟಿನಲ್ಲಿಯೂ ಇಲ್ಲ. ಎರಡೂ ಕಡೆಗೆ ಒಂದೇ ಬ್ರೋಷರ್, ಒಂದೇ ಶ್ರೇಣಿ: ಕೆಳಗೆ ಎಕಾನಮಿ, ನಡುವೆ ಪ್ರೀಮಿಯಂ, ಎಲ್ಲಕ್ಕಿಂತ ಮೇಲೆ ದಪ್ಪ ಪದರ ಕಟ್ಟಿ ಬಿರುಕಿನ ಮೇಲೆ ಹಿಗ್ಗುವ ಇಲಾಸ್ಟೋಮರಿಕ್ ಕೋಟಿಂಗ್. ಮೇಲಿನದು ಯಾವ ಗೋಡೆಗಾದರೂ ಕೆಳಗಿನದಕ್ಕಿಂತ ಒಳ್ಳೆಯದೇ ಆಗಿರಬೇಕು ಎಂಬ ಲೆಕ್ಕದಲ್ಲಿಯೇ ನಾನೂ ಕೆಲವು ವರ್ಷ ಶಿಫಾರಸು ಬರೆದೆ.

ಕಾರ್ಕಳ ತಾಲ್ಲೂಕಿನ ಆ ಮನೆ ನಿವೃತ್ತ ಅಧ್ಯಾಪಕರೊಬ್ಬರದು. ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು, ಲ್ಯಾಟರೈಟ್) ಗೋಡೆ, ಹಂಚಿನ ಮಾಡು, ಎದುರಿಗೆ ಅಂಗಳ. ಪಡುವಣ ಬದಿಗೆ ಮಗ ಊರಿಗೆ ಬಂದಾಗ ಸೇರಿಸಿದ ಕಾಂಕ್ರೀಟಿನ ಸಜ್ಜಾ. ಗೋಡೆಗೆ ಮೊದಲು ಹತ್ತಾರು ವರ್ಷ ಸುಣ್ಣ ಬಳಿದಿದ್ದರು, ಆಮೇಲೆ ಅಲ್ಲಲ್ಲಿ ಸಿಮೆಂಟಿನ ಸಾರಣೆ ಮಾಡಿಸಿದ್ದರು. ನಾನು ಹೋದದ್ದು ಏಪ್ರಿಲ್‌ನಲ್ಲಿ. ಪ್ರತಿ ಮಳೆಗಾಲದಲ್ಲಿಯೂ ಒಳಗಿನ ಕೋಣೆಯ ಗೋಡೆ ಒದ್ದೆಯಾಗುತ್ತದೆ, ಈ ಸಲ ಖರ್ಚು ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ, ನೀರು ನಿಲ್ಲಬೇಕು ಎಂದು ಮಾಸ್ಟ್ರು ಹೇಳಿದರು. ಡೀಲರ್ ಅದಾಗಲೇ ಹತ್ತು ವರ್ಷದ ವಾರಂಟಿಯ ಮಾತನ್ನು ಅವರ ಕಿವಿಗೆ ಹಾಕಿಯಾಗಿತ್ತು.

ಗೋಡೆಯ ಬುಡದಲ್ಲಿ, ಮೊಣಕಾಲಿನ ಎತ್ತರದಲ್ಲಿ, ಉದ್ದಕ್ಕೂ ಬಿಳಿ ಹುಡಿಯ ಒಂದು ಗೆರೆಯಿತ್ತು. ನಾನು ಅದನ್ನು ನೋಡಿದೆ, ಸ್ಕ್ರೇಪರ್‌ನಿಂದ ಕೆರೆದೆ, ಬೆರಳುಗಳ ನಡುವೆ ತಿಕ್ಕಿದೆ, ಹಳೆಯ ಸುಣ್ಣ ಎಂದು ತೀರ್ಮಾನಿಸಿದೆ. ಅಂಗೈಯಲ್ಲಿ ಆ ಹುಡಿಗೆ ಎರಡು ತೊಟ್ಟು ನೀರು ಬಿಟ್ಟಿದ್ದರೆ ವಿಷಯ ಅಲ್ಲಿಯೇ ತಿಳಿಯುತ್ತಿತ್ತು. ಒಣಗಿದ ಸುಣ್ಣ ನೀರಿನಲ್ಲಿ ಕರಗುವುದಿಲ್ಲ, ನೆಲದ ತೇವದೊಂದಿಗೆ ಮೇಲೇರಿ ಬಂದ ಉಪ್ಪು ಬಹುಮಟ್ಟಿಗೆ ಕರಗುತ್ತದೆ. ಮಾಯಿಶ್ಚರ್ ಮೀಟರನ್ನು ನಾಲ್ಕಾರು ಕಡೆ ಒತ್ತಿದೆ, ಎಲ್ಲ ಕಡೆಯೂ ಹಸಿರು ದೀಪ ಬಂತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾರ್ಕಳದ ಯಾವ ಗೋಡೆಗೆ ಒತ್ತಿದರೂ ಹಸಿರು ದೀಪವೇ ಬರುತ್ತದೆ. ಅಲ್ಲದೆ ನಮಗೆ ಕೊಟ್ಟಿರುವ ಆ ಮೀಟರು ಮರದ ತೇವ ಅಳೆಯಲು ಮಾಡಿದ್ದು. ಗೋಡೆಯ ಮೇಲೆ ಅದು ತೋರಿಸುವ ಅಂಕಿಯಿಂದ ಈ ಜಾಗಕ್ಕಿಂತ ಆ ಜಾಗ ಹೆಚ್ಚು ಒದ್ದೆ ಎಂಬಷ್ಟನ್ನು ಹೇಳಬಹುದೇ ಹೊರತು ಈ ಗೋಡೆಯಲ್ಲಿ ಇಷ್ಟು ಶೇಕಡಾ ನೀರಿದೆ ಎಂದು ಹೇಳಲು ಬರುವುದಿಲ್ಲ. ಹಾಗಿದ್ದರೂ ವರದಿಯಲ್ಲಿ ಆ ಅಂಕಿಯನ್ನು ಶೇಕಡಾವಾರು ಎಂದೇ ತುಂಬಬೇಕು, ತುಂಬಿದೆ.

ಪೇಂಟಿಂಗ್ ಮೇಸ್ತ್ರಿ ಆ ಹೊತ್ತಿಗೆ ಒಂದು ಮಾತು ಹೇಳಿದ್ದ: "ಸಾರ್, ಮಳೆಗಾಲದಲ್ಲಿ ಈ ಗೋಡೆ ಬೆವರ್ತದೆ. ಇದಕ್ಕೆ ಇಷ್ಟು ದಪ್ಪದ್ದು ಬೇಡ, ಮಾಮೂಲಿ ಎಮಲ್ಷನ್ ಸಾಕು." ಕೆಲಸ ಹಗುರ ಮಾಡಿಕೊಳ್ಳಲು ಹೇಳುತ್ತಿದ್ದಾನೆ ಎಂದುಕೊಂಡೆ, ಏಕೆಂದರೆ ಇಲಾಸ್ಟೋಮರಿಕ್ ರೋಲರಿಗೆ ಭಾರ, ಸುಲಭವಾಗಿ ಹರಡುವುದಿಲ್ಲ. ನಾನು ಆಗ ಯೋಚಿಸದೆ ಬಿಟ್ಟದ್ದು ಬಕೆಟಿನೊಳಗಿನ ಟೋಕನ್ನಿನ ವಿಚಾರ. ಬೆಲೆ ಹೆಚ್ಚಿದಷ್ಟೂ ಟೋಕನ್ನಿನ ಮೊತ್ತ ಹೆಚ್ಚು, ಅದು ಸೇರುವುದು ಮೇಸ್ತ್ರಿಯ ಖಾತೆಗೆ. ಸಾಮಾನ್ಯ ಹೊರಗೋಡೆ ಎಮಲ್ಷನ್ ಎರಡು ಕೋಟ್ ಹಚ್ಚಿದರೆ ಲೀಟರಿಗೆ 50ರಿಂದ 60 ಚದರ ಅಡಿ ಬರುತ್ತದೆ, ದಪ್ಪ ಕೋಟಿಂಗ್ ಅದರ ಅರ್ಧವೂ ಬರುವುದು ಕಷ್ಟ. ಆದ್ದರಿಂದ ಬಕೆಟೂ ಹೆಚ್ಚು, ಟೋಕನ್ನೂ ಹೆಚ್ಚು. ತನಗೆ ಬರುವ ದುಡ್ಡಿಗೆ ವಿರುದ್ಧವಾಗಿ ಒಬ್ಬ ಮೇಸ್ತ್ರಿ ಮಾತಾಡುತ್ತಿದ್ದಾನೆ ಎಂದರೆ ಅಲ್ಲಿ ನಿಂತು ಕೇಳಬೇಕಿತ್ತು.

ಮೇ ಮೊದಲ ವಾರದಲ್ಲಿ ಕೆಲಸ ಮುಗಿಯಿತು. ಮನೆ ಚೆನ್ನಾಗಿ ಕಾಣುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ಏರಿಯಾ ಮ್ಯಾನೇಜರ್ ಅದರ ಫೋಟೋವನ್ನು ಗ್ರೂಪಿನಲ್ಲಿ ಹಾಕಿ ಹೆಬ್ಬೆರಳು ಒತ್ತಿಸಿಕೊಂಡರು.

ಆಟಿ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ನಡುವಿನಲ್ಲಿ, ಮಳೆ ಎರಡು ದಿನ ಬಿಡುವು ಕೊಟ್ಟು ಬಿಸಿಲು ಬಂದಾಗ ಫೋನ್ ಬಂತು. ಹೋಗಿ ನೋಡಿದರೆ ಪಡುವಣ ಗೋಡೆಯ ಕೆಳಭಾಗದ ಬಣ್ಣ, ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದಂತೆ, ಅಲ್ಲಲ್ಲಿ ಎದ್ದು ಉಬ್ಬಿತ್ತು. ಕೆಲವು ಗುಳ್ಳೆಗಳು ಅಂಗೈಯಗಲ, ಸಜ್ಜಾದ ಕೆಳಗಿನದು ಒಂದು ಮೊರದಷ್ಟು ಅಗಲ. ಮಾಸ್ಟ್ರು, ಅವರ ಮನೆಯವರು, ಪಕ್ಕದ ಮನೆಯ ಇಬ್ಬರು, ಡೀಲರ್ ಕಡೆಯ ಹುಡುಗ ಮತ್ತು ಮೇಸ್ತ್ರಿ ಅಂಗಳದಲ್ಲಿ ನಿಂತಿದ್ದರು. ಬೈಕಿನಿಂದ ಇಳಿಯುತ್ತಿದ್ದ ಹಾಗೆಯೇ ನಾನು ಪ್ರೈಮರ್ ಹಚ್ಚಿದ್ದೀರಾ, ಎಷ್ಟು ನೀರು ಬೆರೆಸಿದಿರಿ, ಕೋಟ್‌ಗಳ ನಡುವೆ ಎಷ್ಟು ಗಂಟೆ ಬಿಟ್ಟಿರಿ ಎಂದು ಮೇಸ್ತ್ರಿಯನ್ನು ಕೇಳಲು ಶುರುಮಾಡಿದೆ. ದೂರಿನ ಜಾಗಕ್ಕೆ ಹೋದಾಗ ಮೊದಲ ಪ್ರಶ್ನೆಯನ್ನು ಪೇಂಟರಿಗೆ ಕೇಳುವುದು ನಮ್ಮಲ್ಲಿ ರೂಢಿ. ಗೋಡೆಗೆ ಕೇಳುವ ಪ್ರಶ್ನೆಗಳು ಆಮೇಲೆ ಬರುತ್ತವೆ. ಅವನು ಎಲ್ಲಕ್ಕೂ ಸರಿಯಾಗಿಯೇ ಉತ್ತರಿಸಿದ, ಖಾಲಿ ಪ್ರೈಮರ್ ಡಬ್ಬಗಳನ್ನೂ ತೋರಿಸಿದ.

ಮಾಸ್ಟ್ರು ಏನೂ ಹೇಳದೆ ಜೇಬಿನಿಂದ ಬೀಗದ ಕೈ ತೆಗೆದು ನನಗೆ ಕೊಟ್ಟರು. ಸಜ್ಜಾದ ಕೆಳಗಿನ ಗುಳ್ಳೆಯನ್ನು ಅದರ ತುದಿಯಿಂದ ಚುಚ್ಚಿದೆ. ಪದರ ಹರಿಯಲಿಲ್ಲ, ಒಳಕ್ಕೆ ಹಿಗ್ಗಿತು. ಎರಡನೆಯ ಸಲ ಒತ್ತಿದಾಗ ತೂತಾಗಿ ಕೆಂಪು ಬಣ್ಣದ ನೀರು ಒಂದೇ ಸಮನೆ ಹೊರಬಂದು ನನ್ನ ತೋಳಿನ ಮೇಲೆ ಇಳಿಯಿತು. ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ, ಗುಳ್ಳೆ ಖಾಲಿಯಾದ ಮೇಲೂ ಗೋಡೆಯಿಂದ ಹನಿಯುತ್ತಲೇ ಇತ್ತು. ಅಷ್ಟೂ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಮಾಸ್ಟ್ರು, "ಎಂತ ಮಾರಾಯ್ರೆ ಇದು? ನೀರು ಒಳಗೆ ಹೋಗದ ಹಾಗೆ ಮಾಡ್ಲಿಕ್ಕೆ ಹೇಳಿದ್ದು, ಹೊರಗೆ ಬಾರದ ಹಾಗೆ ಮಾಡಿದ್ದೀರಲ್ಲ" ಎಂದರು. ವಾಸ್ತವವಾಗಿ ಆದದ್ದೂ ಅದೇ. ನಾನು ಆಮೇಲೆ ಬರೆದ ವಿಶ್ಲೇಷಣೆಯಲ್ಲಿ ಅದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ.

ಅಂಗಳದ ಇನ್ನೊಂದು ತುದಿಯಲ್ಲಿ ಅವರ ದನದ ಹಟ್ಟಿ ಇತ್ತು. ಅದೂ ಮುರಕಲ್ಲಿನದೇ, ಅದೇ ಮಳೆಗೆ ಒಡ್ಡಿಕೊಂಡಿದ್ದು. ಅದಕ್ಕೆ ಮಾಸ್ಟ್ರು ತಾವೇ ಪೇಟೆಯಿಂದ ತಂದ ಸಿಮೆಂಟ್ ಪೇಂಟ್ ಹೊಡೆಸಿದ್ದರು. ಅದರ ಮೇಲೆ ಪಾಚಿ ಹಿಡಿದಿತ್ತು, ಬಣ್ಣ ಮಾಸಿತ್ತು, ಮುಟ್ಟಿದರೆ ಕೈಗೆ ಹುಡಿ ಅಂಟುತ್ತಿತ್ತು. ಆದರೆ ಒಂದು ಗುಳ್ಳೆಯೂ ಇರಲಿಲ್ಲ. ಡೀಲರ್ ಕಡೆಯ ಹುಡುಗ ಅದನ್ನು ಗಮನಿಸಿ ನನ್ನ ಮುಖ ನೋಡಿದ. ನಾನು ಫೋಟೋ ತೆಗೆಯುವ ನೆಪದಲ್ಲಿ ಬೇರೆ ಕಡೆ ತಿರುಗಿದೆ.

ಮುರಕಲ್ಲು ಮೈತುಂಬ ರಂಧ್ರಗಳಿರುವ ಕಲ್ಲು. ನೀರನ್ನು ಸಲೀಸಾಗಿ ಹೀರುತ್ತದೆ, ನಿಧಾನವಾಗಿ ಬಿಡುತ್ತದೆ. ಆ ಗೋಡೆಗೆ ನೀರು ಬರುತ್ತಿದ್ದ ದಾರಿ ಬಣ್ಣ ಹಚ್ಚಿದ ಮುಖದಲ್ಲಿ ಇರಲೇ ಇಲ್ಲ. ಸಜ್ಜಾದ ಅಡಿಯಲ್ಲಿ ನೀರು ಹರಿದು ಗೋಡೆಗೆ ಬಾರದಂತೆ ತಡೆಯುವ ಗೀರು ಬಿಟ್ಟಿರಲಿಲ್ಲ; ಸಜ್ಜಾ ಮತ್ತು ಹಳೆಯ ಗೋಡೆ ಕೂಡುವಲ್ಲಿ ಸೀಳಿತ್ತು; ಮಾಡಿನ ನೀರು ಹಿಡಿದು ಸಾಗಿಸುವ ದಂಬೆ ಒಂದು ಕಡೆ ಮುರಿದು ನೀರು ಗೋಡೆಯ ತಲೆಗೇ ಬೀಳುತ್ತಿತ್ತು; ಬುಡಕ್ಕೆ ಹೂವಿನ ಗಿಡಗಳಿಗಾಗಿ ಮಣ್ಣು ಪೇರಿಸಿದ್ದರು. ಮೇಲಿನಿಂದಲೂ ಕೆಳಗಿನಿಂದಲೂ ಕುಡಿದ ಗೋಡೆ, ಬಿಸಿಲು ಬಿದ್ದು ಕಾದಾಗ ಆ ನೀರನ್ನು ಆವಿಯಾಗಿ ಹೊರಕ್ಕೆ ತಳ್ಳುತ್ತದೆ. ಸಿಮೆಂಟ್ ಪೇಂಟ್ ಆವಿಗೆ ಅಡ್ಡ ನಿಲ್ಲುವುದಿಲ್ಲ. ಸಾಮಾನ್ಯ ಅಕ್ರಿಲಿಕ್ ಎಮಲ್ಷನ್ನಿನ ಎರಡು ಕೋಟ್ ಒಣಗಿದ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ, ಆವಿಯನ್ನು ತಕ್ಕಮಟ್ಟಿಗೆ ಬಿಡುತ್ತದೆ. ಅದರ ಎರಡು ಮೂರು ಪಟ್ಟು ದಪ್ಪದ ಪದರ ಬಿಡುವುದು ಕಡಿಮೆ, ಅದರ ಕೆಳಗೆ ಹಳೆಯ ಸುಣ್ಣದ ಹುಡಿ ಉಳಿದಿದ್ದರೆ ಹಿಡಿತವೂ ಕಡಿಮೆ. ತೆಳುವಾದ ಬಣ್ಣವಾಗಿದ್ದರೆ ಸಿಪ್ಪೆಯೆದ್ದು ಉದುರುತ್ತಿತ್ತು. ಇದು ಹಿಗ್ಗುವ ಗುಣದ್ದಾದ್ದರಿಂದ ಉದುರದೆ ನೀರನ್ನು ಹಿಡಿದುಕೊಂಡಿತು. ನಾವು ಹೆಚ್ಚು ದುಡ್ಡು ತೆಗೆದುಕೊಂಡು ಮಾರುವುದು ಆ ಹಿಗ್ಗುವ ಗುಣವನ್ನೇ. ಸಾರಣೆಯಲ್ಲಿ ಕೂದಲೆಳೆಯ ಬಿರುಕುಗಳಿದ್ದು, ಮೇಲೆ ಆರ್‌ಸಿಸಿ ಸ್ಲ್ಯಾಬ್ ಸರಿಯಾಗಿದ್ದು, ಒಳಗೆ ಒಣಗಿರುವ ಗೋಡೆಗೆ ಅದು ನಿಜವಾಗಿಯೂ ಒಳ್ಳೆಯ ವಸ್ತು. ಮಣಿಪಾಲದ ಕಡೆಯ ಅಪಾರ್ಟ್‌ಮೆಂಟುಗಳ ಮೇಲೆ ನಾನೇ ಹಾಕಿಸಿದ್ದು ಇನ್ನೂ ಚೆನ್ನಾಗಿದೆ.

ಮುಂದಿನದು ಕಚೇರಿಯ ಕೆಲಸ. ವಾರಂಟಿಯಲ್ಲಿ ತೇವದಿಂದ ಆದ ಹಾನಿ ಸೇರುವುದಿಲ್ಲ, ಕೂಲಿಯೂ ಸೇರುವುದಿಲ್ಲ. ದೂರಿನ ಆ್ಯಪ್‌ನಲ್ಲಿ ಕಾರಣ ಆರಿಸಲು ಇರುವುದು ಕೆಲವೇ ಆಯ್ಕೆಗಳು: ಉತ್ಪನ್ನದ ದೋಷ, ಕಟ್ಟಡದ ದೋಷ, ಹಚ್ಚಿದ್ದರಲ್ಲಿ ದೋಷ, ಹವಾಮಾನ. ತಪ್ಪು ಶಿಫಾರಸು ಎಂಬ ಆಯ್ಕೆ ಇಲ್ಲ. ಇದ್ದಿದ್ದರೆ ಅದನ್ನು ಯಾರು ಒತ್ತುತ್ತಿದ್ದರು ಎಂಬುದು ಬೇರೆ ಪ್ರಶ್ನೆ. ನಾನು ಕಟ್ಟಡದ ದೋಷ ಎಂದು ಒತ್ತಿ, ಷರಾದಲ್ಲಿ ಶಿಫಾರಸು ಈ ಗೋಡೆಗೆ ಹೊಂದುವಂಥದ್ದಲ್ಲ ಎಂದು ಬರೆದೆ. ಮೇಲಿನವರು ಅದನ್ನು ಹಚ್ಚಿದ್ದರಲ್ಲಿ ದೋಷ ಎಂದು ಬದಲಿಸಿ ಮುಚ್ಚಿದರು. ಹಾಗೆ ಮುಚ್ಚಿದರೆ ಪೇಂಟರಿನ ಅಂಕ ಕಡಿತವಾಗುತ್ತದೆ, ಎಚ್ಚರಿಕೆ ಕೊಟ್ಟಿದ್ದ ಆ ಮೇಸ್ತ್ರಿಯದೇ ಕಡಿತವಾಯಿತು. ತಿರುಗಿ ಸೇರಿಸಲು ನಾನು ಬರೆದ ಮೇಲ್‌ಗಳಿಗೆ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ಮಾಸ್ಟ್ರಿಗೆ ಕಂಪನಿ ಸದ್ಭಾವನೆಯಿಂದ ಕೊಡಲು ಒಪ್ಪಿದ್ದು ಅದೇ ಇಲಾಸ್ಟೋಮರಿಕ್‌ನ ಹೊಸ ಬಕೆಟ್‌ಗಳನ್ನು. ಅವರು ಬೇಡವೆಂದರು.

ಗೋಡೆಯನ್ನು ಸರಿಮಾಡಿದ್ದು ಆ ಮೇಸ್ತ್ರಿಯೇ. ಪದರವನ್ನು ಪೂರ್ತಿ ಕಿತ್ತು, ಸುಣ್ಣವನ್ನು ತಂತಿ ಬ್ರಷ್‌ನಿಂದ ಗಟ್ಟಿ ಮೇಲ್ಮೈ ಸಿಗುವವರೆಗೆ ಕೆರೆದು, ಮಣ್ಣು ತೆಗೆಸಿ, ದಂಬೆ ಬದಲಿಸಿ, ಸಜ್ಜಾದ ಅಂಚಿಗೆ ಗೀರು ಕೊರೆಸಿ, ಗೋಡೆಯನ್ನು ದೀಪಾವಳಿ ಕಳೆದು ಜನವರಿಯವರೆಗೆ ಬರಿದಾಗಿ ಬಿಟ್ಟರು. ಆಮೇಲೆ ಒಂದು ಕೋಟ್ ಪ್ರೈಮರ್, ಎರಡು ಕೋಟ್ ಮ್ಯಾಟ್ ಅಕ್ರಿಲಿಕ್. ಮಳೆಯ ನೀರು ನೆಲದಿಂದ ಸಿಡಿಯುವ ಬುಡದ ಎರಡು ಅಡಿಗೆ ಮಾತ್ರ ಸಿಮೆಂಟ್ ಪೇಂಟ್, ಅದೂ ಹಚ್ಚುವ ಮುನ್ನ ಗೋಡೆ ನೆನೆಸಿ, ಹಚ್ಚಿದ ಮೇಲೆ ನೀರು ಸಿಂಪಡಿಸಿ ಕ್ಯೂರಿಂಗ್ ಮಾಡಿದ್ದು. ಈ ಕ್ಯೂರಿಂಗ್ ಮಾಡದೆ ಸಿಮೆಂಟ್ ಪೇಂಟನ್ನು ಬೈಯುವವರೇ ಹೆಚ್ಚು.

ಆ ಮನೆಯ ಬಳಿಕ ನನ್ನ ಕೆಲಸದ ಕ್ರಮ ಸ್ವಲ್ಪ ಬದಲಾಗಿದೆ, ಅದರಿಂದ ಡೀಲರುಗಳಿಗೆ ಸಿಟ್ಟೂ ಇದೆ. ಶೇಡ್ ಕಾರ್ಡನ್ನು ಕೊನೆಗೆ ತೆರೆಯುತ್ತೇನೆ. ಮೊದಲು ಮಾಡು, ದಂಬೆ, ಸಜ್ಜಾ, ಕಿಟಕಿಯ ಕೆಳಗಿನ ಅಂಚು, ಬುಡದ ಮಣ್ಣು ನೋಡುತ್ತೇನೆ. ಗೋಡೆ ಯಾವುದರದ್ದು, ಆಟಿಯಲ್ಲಿ ಹೇಗಿರುತ್ತದೆ ಎಂದು ಮನೆಯವರನ್ನೂ ಮೇಸ್ತ್ರಿಯನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ. ಸಂಶಯವಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಮರುದಿನ ನೋಡುತ್ತೇನೆ. ಒಳಮುಖದಲ್ಲಿ ಹನಿಗಟ್ಟಿದ್ದರೆ ಮೀಟರಿನ ಹಸಿರು ದೀಪಕ್ಕೆ ಬೆಲೆಯಿಲ್ಲ. ಹೊಸ ಸಾರಣೆಯಾಗಿದ್ದರೆ 28 ದಿನ ಕಳೆಯದೆ ಬಣ್ಣವಿಲ್ಲ, ಗೃಹಪ್ರವೇಶದ ಮುಹೂರ್ತ ಯಾವಾಗಿದ್ದರೂ ಸರಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಟ್ಟು ಮಂಕು ಮಾಡಿದಾಗ ಮುಹೂರ್ತ ಇಟ್ಟವರು ದೂರು ಕೇಳಲು ಬರುವುದಿಲ್ಲ. ಬಿಸಿಲು ಬೀಳದ, ಮರದ ನೆರಳಿನ ಗೋಡೆಗೆ ಪಾಚಿ ತಡೆಯುವ ಗುಣವಿರುವ ಬಣ್ಣ ಬೇಕು, ಆದರೆ ಹಳೆಯ ಪಾಚಿಯನ್ನು ಬ್ಲೀಚಿಂಗ್ ದ್ರಾವಣದಿಂದ ಕೊಂದು ತೊಳೆಯದೆ ಮೇಲೆ ಹಚ್ಚಿದರೆ ಆ ಗುಣ ಹೆಚ್ಚು ಕಾಲ ನಿಲ್ಲುವುದಿಲ್ಲ.

ಬಣ್ಣದ ವಿಚಾರದಲ್ಲಿ ಹೇಳುವುದಾದರೆ, ಹೊಳೆಯುವ ಕೆಂಪು, ಹಳದಿ, ನೇರಳೆಗಳಿಗಿಂತ ಕಾವಿ, ಮಣ್ಣು, ಮಾಸಲು ಹಳದಿಗಳು ಬಿಸಿಲಿಗೆ ತಾಳುತ್ತವೆ, ಅವುಗಳಲ್ಲಿರುವುದು ಕಬ್ಬಿಣದ ಆಕ್ಸೈಡ್. ಗಾಢ ಶೇಡಿಗೆ ಟಿಂಟಿಂಗ್ ಮೆಷಿನ್ ಹೆಚ್ಚು ಕಲರೆಂಟ್ (ಬಣ್ಣ ಕೊಡುವ ದ್ರವ) ಸುರಿಯಬೇಕಾಗುತ್ತದೆ. ಹಚ್ಚಿದ ಒಂದೆರಡು ದಿನದಲ್ಲಿಯೇ ಮಳೆ ಬಿದ್ದರೆ ಅದರಿಂದ ಅಂಟಂಟಾದ ಗೆರೆಗಳು ಇಳಿಯುತ್ತವೆ. ಅವು ಸಾಮಾನ್ಯವಾಗಿ ತೊಳೆದರೆ ಹೋಗುತ್ತವೆ, ಮನೆಯವರ ಕೋಪ ಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮೇ ಹತ್ತರ ನಂತರ ನಾನು ಗಾಢ ಶೇಡಿಗೆ ಸಹಿ ಹಾಕುವುದಿಲ್ಲ.

ಇದೆಲ್ಲದರ ಪರಿಣಾಮವಾಗಿ ಹಳೆಯ ಮನೆಗಳು ಹೆಚ್ಚಿರುವ ನನ್ನ ಭಾಗದಲ್ಲಿ ಇಲಾಸ್ಟೋಮರಿಕ್ ಮಾರಾಟ ಇಳಿದಿದೆ, ತಿಂಗಳ ರಿವ್ಯೂ ಕಾಲ್‌ನಲ್ಲಿ ಏರಿಯಾ ಮ್ಯಾನೇಜರ್ ಕಾರಣ ಕೇಳುತ್ತಾರೆ. ವಿವರವಾಗಿ ಹೇಳಲು ಆರಂಭಿಸಿದರೆ ಶೀಟಿನಲ್ಲಿ ತುಂಬಿ ಸಾಕು ಎನ್ನುತ್ತಾರೆ. ಶೀಟಿನ ಆ ಅಂಕಣದಲ್ಲಿ ಅಕ್ಷರಗಳು ಹೆಚ್ಚು ಹಿಡಿಯದ ಕಾರಣ ನಾನು ಪ್ರತಿ ತಿಂಗಳೂ "ಮುರಕಲ್ಲು" ಎಂದಷ್ಟೇ ಬರೆಯುತ್ತೇನೆ. ಬೆಂಗಳೂರಿನ ಕಚೇರಿಯಲ್ಲಿ ಅದನ್ನು ಬೇರೆ ಕಂಪನಿಯ ಹೊಸ ಬ್ರ್ಯಾಂಡ್ ಎಂದು ತಿಳಿದು, ಅದರ ದರಪಟ್ಟಿ ಕಳಿಸುವಂತೆ ಒಬ್ಬರು ಕೇಳಿದ್ದರು.