ಬಾವಾ ತೋಟದಲ್ಲಿ ಕಾಣದ ರಸ್ತೆ

ಬೆಂತೋಟ ಎಂದರೆ ಹೆಚ್ಚಿನವರಿಗೆ ಕಡಲತೀರ. ಅಲ್ಲಿಂದ ಸ್ವಲ್ಪ ಒಳಗೆ, ದೆದ್ದುವ ಸರೋವರದ ದಂಡೆಯಲ್ಲಿರುವ ಲುನುಗಂಗಾ ನೋಡದೆ ಬಂದರೆ ಶ್ರೀಲಂಕಾ ಪ್ರವಾಸ ಅರ್ಧವೇ. ವಾಸ್ತುಶಿಲ್ಪಿ ಜೆಫ್ರಿ ಬಾವಾ 1948ರಲ್ಲಿ ಈ ರಬ್ಬರ್ ತೋಟ ಕೊಂಡರು. ಮುಂದಿನ ಐವತ್ತು ವರ್ಷ ಅದನ್ನು ತಿದ್ದುತ್ತಲೇ ಇದ್ದರು.

ಮೊದಲು ಕೊಲಂಬೊದ 33ನೇ ಲೇನ್‌ನಲ್ಲಿರುವ ಅವರ ನಗರದ ಮನೆ ನೋಡಿ. ಸಾಲಿನ ನಾಲ್ಕು ಪುಟ್ಟ ಮನೆಗಳನ್ನು ಒಂದೊಂದಾಗಿ ಹಿಡಿದು, ಗೋಡೆ ಒಡೆದು ಒಂದಾಗಿಸಿದ್ದು. ಉದ್ದನೆಯ ಬಿಳಿ ಓಣಿ, ಅಲ್ಲಲ್ಲಿ ಆಕಾಶಕ್ಕೆ ತೆರೆದ ಕಿರುತೊಟ್ಟಿ, ಅಂದರೆ ಒಳಅಂಗಳ. ಬೆಳಕು ಬರುವುದೇ ಆ ತೊಟ್ಟಿಗಳಿಂದ. ಇದನ್ನು ನೋಡಿ ಮನೆಯಲ್ಲಿ ತೊಟ್ಟಿ ಮಾಡಿಸುವವರು ಎಡವುವುದು ನೀರಿನಲ್ಲಿ. ತೊಟ್ಟಿಯ ತಳ ಕೋಣೆಯ ನೆಲಕ್ಕಿಂತ ನಾಲ್ಕಾರು ಇಂಚು ಕೆಳಗಿರಬೇಕು, ನೀರು ಹೋಗಲು ಎರಡು ಕಿಂಡಿ ಬೇಕು. ಒಂದೇ ಇದ್ದರೆ ಅದಕ್ಕೊಂದು ಎಲೆ ಅಡ್ಡ ಬಿದ್ದರೂ ಸಾಕು, ಜೋರು ಮಳೆಯಲ್ಲಿ ನೀರು ಹಾಲ್‌ಗೆ ನುಗ್ಗುತ್ತದೆ.

ಲುನುಗಂಗಾಕ್ಕೆ ಹೋಗಲು ಕೊಲಂಬೊ ಫೋರ್ಟ್‌ನಿಂದ ಅಲುತ್‌ಗಮಕ್ಕೆ ರೈಲು. ಬಲಗಡೆ ಕೂತರೆ ದಾರಿಯ ಬಹುಭಾಗ ಕಡಲು. ಅಲ್ಲಿಂದ ಮುಂದೆ ತ್ರೀವೀಲರ್. ನಗರದ ಮನೆ, ಲುನುಗಂಗಾ ಎರಡೂ ಕಡೆ ಭೇಟಿಯ ಸಮಯವನ್ನು ಮುಂಚೆಯೇ ಕಾಯ್ದಿರಿಸಿಕೊಳ್ಳಿ. ಮೇನಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಮುಂಗಾರು, ಡಿಸೆಂಬರ್–ಮಾರ್ಚ್ ವಾಸಿ.

ಲುನುಗಂಗಾದಲ್ಲಿ ಮನೆ ದೊಡ್ಡದಲ್ಲ. ಬದುಕು ನಡೆಯುತ್ತಿದ್ದುದು ಹೊರಗೆ. ಜಗಲಿಯ ಮುಂದಿನ ದೇವಕಣಗಿಲೆ ಮರವನ್ನು ಹತ್ತಿರ ಹೋಗಿ ನೋಡಿ. ಕೊಂಬೆಗಳು ಮೇಲಕ್ಕೇಳದೆ ಚಪ್ಪರದಂತೆ ಅಡ್ಡಡ್ಡ ಹರಡಿವೆ. ಎಳೆಯದಿದ್ದಾಗ ಅವಕ್ಕೆ ಭಾರ ಕಟ್ಟಿ ಇಳಿಬಿಟ್ಟು ಬಗ್ಗಿಸಿದ್ದರು. ಮಾಡಿ ನೋಡುವ ಆಸೆಯಿದ್ದರೆ ಹಗ್ಗದ ಕೆಳಗೆ ದಪ್ಪ ಬಟ್ಟೆ ಸುತ್ತಿ, ಭಾರವನ್ನು ತಿಂಗಳುಗಟ್ಟಲೆ ನಿಧಾನವಾಗಿ ಏರಿಸಿ. ಇದರ ಮರ ಮೆದು. ಒಮ್ಮೆಲೇ ಎಳೆದರೆ ಕವಲಿನಲ್ಲೇ ಸೀಳಿ ಹಾಲು ಸುರಿಯುತ್ತದೆ, ಸಡಿಲಿಸದೆ ಬಿಟ್ಟ ಹಗ್ಗ ತೊಗಟೆಯೊಳಗೆ ಹೂತುಹೋಗುತ್ತದೆ.

ಹಿತ್ತಲ ಹುಲ್ಲುಹಾಸು ಎದುರಿನ ದಾಲ್ಚಿನ್ನಿ ಗುಡ್ಡದವರೆಗೆ ಒಂದೇ ಸಮ ಹರಿದಂತೆ ಕಾಣುತ್ತದೆ. ಗುಡ್ಡದ ನೆತ್ತಿಯಲ್ಲಿ ಒಂದು ರೆಂಜೆ ಮರ (ಸಿಂಹಳದವರು ಮೂಣಮಲ್ ಎನ್ನುತ್ತಾರೆ), ಅದರಡಿ ಒಂದು ಹಳೆಯ ಚೀನೀ ಜಾಡಿ. ಆಚೆ ಸರೋವರ, ಅದರಾಚೆ ಕಟಕುಲಿಯದ ಬಿಳಿ ಸ್ತೂಪ. ಹುಲ್ಲುಹಾಸಿಗೂ ಗುಡ್ಡಕ್ಕೂ ನಡುವೆ ಊರ ರಸ್ತೆಯೊಂದಿದೆ ಎಂದರೆ ಯಾರೂ ನಂಬರು. ಅದು ಆಳದ ಕಂದಕದಲ್ಲಿ ಅಡಗಿದೆ. ಇಂಥ ಕಂದಕಕ್ಕೆ ನೋಡುವವರ ಕಡೆ ನೆಟ್ಟಗಿನ ತಡೆಗೋಡೆ ಕಟ್ಟುತ್ತಾರೆ. ಗೋಡೆಯ ತಲೆ ಹುಲ್ಲಿನ ಮಟ್ಟಕ್ಕೇ ನಿಲ್ಲಬೇಕು, ಒಂದು ಸಾಲು ಕಲ್ಲು ಮೇಲೆದ್ದರೂ ಗುಟ್ಟು ರಟ್ಟು. ಬೇಲಿಯಿಲ್ಲದೆಯೂ ದನ ಒಳಗೆ ಬಾರದು. ಗೋಡೆಗೆ ನೀರುಗಿಂಡಿ ಬಿಡದಿದ್ದರೆ ಮಳೆ ಕುಡಿದ ಮಣ್ಣು ಅದನ್ನು ಹೊರಕ್ಕೆ ನೂಕುತ್ತದೆ.

ತೋಟದ ಜಾಗದಲ್ಲೇ ಬಾಟಿಕ್ ಕಲಾವಿದೆ ಎನಾ ಡಿ ಸಿಲ್ವಾ ಅವರ ಮನೆಯೂ ಇದೆ. 1960ರ ದಶಕದ ಆರಂಭದಲ್ಲಿ ಕೊಲಂಬೊದಲ್ಲಿ ಬಾವಾ ಕಟ್ಟಿದ್ದನ್ನು ಬಿಚ್ಚಿ ತಂದು ಇಲ್ಲಿ ಮರಳಿ ಜೋಡಿಸಿದ್ದಾರೆ. ನಡು ಅಂಗಳದ ಸುತ್ತ ಕಂಬಸಾಲಿನ ಜಗಲಿ, ಗಾಜೇ ಇಲ್ಲ. ಅಗಲವಾದ ಸೂರಿನ ಅಂಚಿಗೆ ಗಮನ ಕೊಡಿ: ಇರಚಲು ಜಗಲಿಗೆ ಬಾರದಂತೆ ತಡೆಯುವುದು ಅದೊಂದೇ.