ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ: ಹಳೆಯ ಮಾರುತಿ 800ರ ಕೆಲಸದ ದಾಖಲೆ

ಬ್ರೇಕಿನ ಕೆಲಸ ಮುಗಿದು, ಇನ್ನು ಕಾರನ್ನು ರಸ್ತೆಗೆ ಇಳಿಸುವುದಷ್ಟೇ ಬಾಕಿ ಎನ್ನುವ ಹೊತ್ತಿಗೆ 1990ರ ಈ ಮಾರುತಿ 800 ಸ್ಟಾರ್ಟ್ ಆಗುವುದನ್ನೇ ನಿಲ್ಲಿಸಿತು. ಚಾವಿ ತಿರುಗಿಸಿದರೆ ಸೆಲ್ಫ್ ಚುರುಕಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಕಲಬುರಗಿಯ ರಿಂಗ್ ರಸ್ತೆಯಲ್ಲಿರುವ ಗ್ಯಾರೇಜಿನವರೊಬ್ಬರು ಮನೆಗೆ ಬಂದು ಬಾನೆಟ್ ಎತ್ತಿ ನೋಡಿ, "ಕಾರ್ಬೊರೇಟರ್ ಬದ್ಲಿ ಮಾಡ್ರಿ ಸರ್, ಅದಕ್ಕೂ ಆಗ್ಲಿಲ್ಲಂದ್ರ ಕಾಯಿಲ್ ಹಾಕಿ ನೋಡೂಣು" ಎಂದರು. ಹಳೆಯ ಕಾರುಗಳ ಮೇಲೆ ಹಣ ಸುರಿದುಹೋಗುವುದು ಇಂಥ 'ಹಾಕಿ ನೋಡುವ' ದಾರಿಯಲ್ಲಿಯೇ ಎಂಬುದು ನನ್ನ ಅಭಿಪ್ರಾಯವಾದುದರಿಂದ, ದೋಷ ಎಲ್ಲಿದೆಯೆಂದು ಅಳತೆಯಿಂದ ಖಚಿತವಾಗುವವರೆಗೆ ಒಂದು ಭಾಗವನ್ನೂ ಕೊಳ್ಳುವುದಿಲ್ಲವೆಂದು ನಿಶ್ಚಯಿಸಿದೆ.

ಇದು 796 ಸಿಸಿಯ, ಮೂರು ಸಿಲಿಂಡರಿನ, ಕಾರ್ಬೊರೇಟರ್ ಇರುವ ಎಂಜಿನ್. ಡೆಲ್ಕೊ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗೆ ಹಳೆಯ ಪದ್ಧತಿಯ ಸಿ.ಬಿ. ಪಾಯಿಂಟ್ ಇದೆ, ಅಂದರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಕರೆಂಟನ್ನು ಮುಚ್ಚಿ ತೆರೆಯುವ ಸಂಪರ್ಕ; ಸ್ಕ್ಯಾನರ್ ಜೋಡಿಸಿ ದೋಷದ ಸಂಖ್ಯೆ ಓದಿಕೊಳ್ಳುವ ಅನುಕೂಲ ಇದರಲ್ಲಿಲ್ಲ. ಆದರೆ ಎಂಜಿನ್ ಕೇಳುವುದು ಕೆಲವೇ ಸಂಗತಿಗಳನ್ನು: ಸಾಕಷ್ಟು ವೇಗದ ತಿರುಗಾಟ, ಸಿಲಿಂಡರಿನಲ್ಲಿ ಒತ್ತಡ, ಪೆಟ್ರೋಲು, ಮತ್ತು ಸರಿಯಾದ ಕ್ಷಣಕ್ಕೆ ಬಲವಾದ ಕಿಡಿ. ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂಬುದಷ್ಟೇ ಪ್ರಶ್ನೆ.

ಬ್ಯಾಟರಿಯಿಂದ ಆರಂಭಿಸಿದೆ. ಸುಮ್ಮನಿದ್ದಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ ಅದರ ಟರ್ಮಿನಲ್‌ಗಳಲ್ಲೇ 10.3 ವೋಲ್ಟ್ ಬಂತು. 9.6ಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿಯನ್ನೇ ಅನುಮಾನಿಸಬೇಕಾಗಿತ್ತು. ಡೆಲ್ಕೊ ಮುಚ್ಚಳ ತೆಗೆದು ನೋಡಿದಾಗ ಸೆಲ್ಫ್‌ನೊಂದಿಗೆ ರೋಟರ್ ತಿರುಗುತ್ತಿತ್ತು, ಆದ್ದರಿಂದ ಟೈಮಿಂಗ್ ಬೆಲ್ಟ್ ತುಂಡಾಗಿಲ್ಲ. ಈ ಎಂಜಿನ್ನಿನಲ್ಲಿ ಡೆಲ್ಕೊಗೆ ಚಾಲನೆ ಸಿಗುವುದು ಕ್ಯಾಮ್‌ಶಾಫ್ಟಿನಿಂದ, ಕ್ಯಾಮ್‌ಶಾಫ್ಟಿಗೆ ಸಿಗುವುದು ಬೆಲ್ಟಿನಿಂದ. ಎರವಲು ತಂದ ಗೇಜಿನಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಅಳೆದಾಗ, ಮೂರೂ ಸಿಲಿಂಡರುಗಳ ಕಂಪ್ರೆಷನ್ 145ರಿಂದ 155 ಪಿಎಸ್ಐ ನಡುವೆ ಇತ್ತು. ಮೂವತ್ತು ವರ್ಷ ದಾಟಿದ ಎಂಜಿನ್ನಿಗೆ ಇದಕ್ಕಿಂತ ಹೆಚ್ಚು ಅಪೇಕ್ಷಿಸುವುದು ದುರಾಸೆಯಾದೀತು.

ಪೆಟ್ರೋಲಿನ ಕಡೆ ಅನುಮಾನಕ್ಕೆ ಕಾರಣಗಳಿದ್ದವು. ಟ್ಯಾಂಕಿನಲ್ಲಿದ್ದ ಪೆಟ್ರೋಲು ಬೇಸಿಗೆ ಪೂರ್ತಿ ಹಾಗೇ ನಿಂತದ್ದು, ಮತ್ತು ಕಲಬುರಗಿಯ ಬೇಸಿಗೆಯೆಂದರೆ 42 ಡಿಗ್ರಿ ದಾಟುವ ಬಿಸಿಲು. ಪೆಟ್ರೋಲಿನ ಹಗುರವಾದ ಅಂಶಗಳೇ ಮೊದಲು ಆವಿಯಾಗುತ್ತವೆ, ತಣ್ಣನೆಯ ಎಂಜಿನ್ ಹೊತ್ತಿಕೊಳ್ಳಲು ಬೇಕಾಗುವುದೂ ಅವೇ. ಈಗ ಬಂಕುಗಳಲ್ಲಿ ಸಿಗುವ 20 ಶೇಕಡಾ ಎಥೆನಾಲ್ ಮಿಶ್ರಣಕ್ಕಾಗಿ 1990ರ ಕಾಲದ ಕಾರುಗಳ ರಬ್ಬರನ್ನು ತಯಾರಿಸಿರಲಿಲ್ಲ. ಎಥೆನಾಲಿಗೆ ನೀರಿನಂಶವನ್ನು ಹೀರಿಕೊಳ್ಳುವ ಗುಣವೂ ಇದೆ. ಹಾಗಾಗಿ ಹಳೆಯ ಪೆಟ್ರೋಲನ್ನು ಇಳಿಸಿ ಹೊಸದನ್ನು ತುಂಬಿದೆ. ಟ್ಯಾಂಕಿನಿಂದ ಎಸಿ ಪಂಪಿಗೆ (ಪೆಟ್ರೋಲು ಹೀರಿ ಕಾರ್ಬೊರೇಟರಿಗೆ ಕಳಿಸುವ ಪಂಪು) ಬರುವ ಪೈಪನ್ನು ವಿಶೇಷವಾಗಿ ಪರೀಕ್ಷಿಸಿದೆ, ಏಕೆಂದರೆ ಅದು ಹೀರುವ ಕಡೆಯ ಪೈಪು: ಬಿರುಕು ಬಿಟ್ಟರೆ ಪೆಟ್ರೋಲು ಹೊರಗೆ ಸೋರುವುದರ ಬದಲು ಗಾಳಿ ಒಳಗೆ ಸೇರುತ್ತದೆ, ನೆಲದ ಶಹಾಬಾದ್ ಕಲ್ಲಿನ ಮೇಲೆ ಒಂದು ಹನಿಯೂ ಕಾಣಿಸುವುದಿಲ್ಲ. ಪೈಪು ಬಿರುಕಿಲ್ಲದೆ ಸರಿಯಾಗಿಯೇ ಇತ್ತು. ಸೆಲ್ಫ್ ಹೊಡೆದು ನಿಲ್ಲಿಸಿ ಪ್ಲಗ್‌ಗಳನ್ನು ಬಿಚ್ಚಿದರೆ ಮೂರೂ ಒದ್ದೆ. ಪೆಟ್ರೋಲು ಸಿಲಿಂಡರಿಗೆ ತಲುಪುತ್ತಿದೆ, ಉರಿಯುತ್ತಿಲ್ಲ. ಕಾರ್ಬೊರೇಟರ್ ಬದಲಿಸುವ ಸಲಹೆ ಇಲ್ಲಿಗೆ ಬಿದ್ದುಹೋಯಿತು.

ಉಳಿದದ್ದು ಕಿಡಿ, ಹೊತ್ತು ಹಿಡಿದದ್ದೂ ಅದೇ. ಪ್ಲಗ್ ರಂಧ್ರಗಳಿಂದ ಪೆಟ್ರೋಲಿನ ಆವಿ ಏಳುತ್ತಿರುವಾಗ ಕಿಡಿಯ ಪರೀಕ್ಷೆ ಮಾಡುವುದು ಅಪಾಯಕಾರಿ. ಆದ್ದರಿಂದ ಪ್ಲಗ್‌ಗಳನ್ನು ಒಣಗಿಸಿ ಮತ್ತೆ ಕೂರಿಸಿ, ಸುತ್ತಲಿನ ಒದ್ದೆ ಒರೆಸಿ, ಕಾಯಿಲಿನಿಂದ ಬರುವ ಹೈಟೆನ್ಷನ್ ವೈರನ್ನು ಡೆಲ್ಕೊ ಮುಚ್ಚಳದಿಂದ ಕಿತ್ತು, ರಬ್ಬರ್ ಹಿಡಿಕೆಯ ಪಕ್ಕಡಿನಲ್ಲಿ ಎಂಜಿನ್ ಬ್ಲಾಕಿನ ಸಮೀಪ ಹಿಡಿದೆ. ನಮ್ಮೂರಿನ ಹಗಲಿನಲ್ಲಿ ಕಿಡಿ ಇದ್ದರೂ ಕಣ್ಣಿಗೆ ಬೀಳುವುದಿಲ್ಲ, ಈ ಕೆಲಸಕ್ಕೆ ಸಂಜೆಯೇ ಬೇಕು. ಚಾವಿಯನ್ನು 'ಆನ್'ನಲ್ಲಿಟ್ಟು, ಮುಚ್ಚಿದ್ದ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ಬಿಡಿಸಿದಾಗಲೆಲ್ಲ ದಪ್ಪನೆಯ ನೀಲಿ ಕಿಡಿ ಚಟಚಟನೆ ಹಾರಿತು. ಪಾಯಿಂಟಿನ ಅಂತರ ಫೀಲರ್ ಗೇಜಿನಲ್ಲಿ 0.45 ಮಿಲಿಮೀಟರ್, ಕಾಯಿಲಿನ ಪ್ರೈಮರಿ ಸುರುಳಿಯ ರೋಧ 3.1 ಓಮ್. ಕಂಡೆನ್ಸರ್ ಕೆಟ್ಟಿದ್ದರೆ ಕಿಡಿ ಮಂಕಾಗಿ, ಪಾಯಿಂಟಿನ ನಡುವೆಯೇ ಬೆಂಕಿ ಹಾರುತ್ತಿತ್ತು, ಅದೂ ಇಲ್ಲ. ಕಾಗದದ ಮೇಲೆ ಎಲ್ಲವೂ ಸರಿ, ಎಂಜಿನ್ ಮಾತ್ರ ಮೌನ.

ಸುಳಿವು ಸಿಕ್ಕಿದ್ದು ಸ್ಟೀರಿಂಗಿನ ಹಿಂದೆ ಕುಳಿತು ಚಾವಿ ತಿರುಗಿಸುತ್ತಿದ್ದ ತಮ್ಮನ ಮಗನಿಂದ. "ಕಾಕಾ, ಸೆಲ್ಫ್ ಹೊಡೆಯೂತನ ಏನೂ ಇಲ್ಲ. ಚಾವಿ ಬಿಟ್ಟ ಕೂಡ್ಲೆ ಒಂದ್ಸಲ ಹಿಡದಂಗ ಆಗ್ತದ ನೋಡ್ರಿ" ಎಂದ. ಬಾನೆಟ್ ಬದಿಯಲ್ಲಿ ನಿಂತವನಿಗೆ ಅದು ಸೆಲ್ಫ್ ನಿಲ್ಲುವ ಸದ್ದಿನಲ್ಲೇ ಬೆರೆತುಹೋಗುತ್ತದೆ, ಸೀಟಿನಲ್ಲಿ ಕುಳಿತವನಿಗೆ ಮೈಗೆ ತಾಗುತ್ತದೆ. ಚಾವಿ 'ಸ್ಟಾರ್ಟ್' ಜಾಗದಲ್ಲಿರುವಷ್ಟು ಹೊತ್ತು ಕಿಡಿ ಇಲ್ಲ. ಅದು 'ಆನ್'ಗೆ ಮರಳಿದೊಡನೆ, ಎಂಜಿನ್ ಇನ್ನೂ ಒಂದು ಸುತ್ತು ತಿರುಗುತ್ತಿರುವಾಗಲೇ, ಕಿಡಿ ಬರುತ್ತದೆ ಎಂದಾಯಿತು. ನನ್ನ ಕಿಡಿಯ ಪರೀಕ್ಷೆ ನಡೆದದ್ದು 'ಆನ್' ಜಾಗದಲ್ಲಿ, ಕಾರು ಸೋಲುತ್ತಿದ್ದದ್ದು 'ಸ್ಟಾರ್ಟ್' ಜಾಗದಲ್ಲಿ.

ಆಮೇಲಿನದು ಮಲ್ಟಿಮೀಟರಿನ ಕೆಲಸ. ಸೆಲ್ಫ್ ತಿರುಗುವಾಗ ಪಾಯಿಂಟ್ ಮುಚ್ಚಿ ತೆರೆಯುತ್ತಿರುತ್ತದೆ. ಅದು ತೆರೆದಾಗ ಕಾಯಿಲಿನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ದಾರಿಯಲ್ಲಿನ ನಷ್ಟವೂ ಕಾಣಿಸದೆ, ಮೀಟರ್ ಸುಳ್ಳು ಸರಾಸರಿ ತೋರಿಸುತ್ತದೆ. ಇದನ್ನು ತಪ್ಪಿಸಲು ಅಳತೆಯ ಹೊತ್ತಿಗೆ ಮಾತ್ರ ಕಾಯಿಲಿನ ಮೈನಸ್ ತುದಿಯನ್ನು ಒಂದು ವೈರಿನಿಂದ ಕಾರಿನ ಲೋಹದ ಮೈಗೆ ಸೇರಿಸಿ, ಕರೆಂಟ್ ಸತತವಾಗಿ ಹರಿಯುವಂತೆ ಮಾಡಿದೆ. ಹೀಗೆ ಮಾಡಿದಾಗ ಕಿಡಿಯ ಭಯವೂ ಇರುವುದಿಲ್ಲ. ಕಾಯಿಲಿನ ಪ್ಲಸ್ ತುದಿಯಲ್ಲಿ 'ಆನ್' ಜಾಗದಲ್ಲಿ 11.6 ವೋಲ್ಟ್ ಬಂತು, 'ಸ್ಟಾರ್ಟ್' ಜಾಗದಲ್ಲಿ 5.2. ಸೆಲ್ಫ್ ತಿರುಗುತ್ತಿರುವಾಗಲೇ ಇಗ್ನಿಷನ್ ಸ್ವಿಚ್ಚಿಗೆ ಒಳಬರುವ ವೈರಿನಲ್ಲಿ 10 ವೋಲ್ಟ್ ಇತ್ತು. ಅಂದರೆ ಐದು ವೋಲ್ಟಿನಷ್ಟು ಕರಗುತ್ತಿದ್ದದ್ದು ಸ್ವಿಚ್ಚಿಗೂ ಕಾಯಿಲಿಗೂ ನಡುವೆ, ಅದೂ ಚಾವಿ ಪೂರ್ತಿ ತಿರುಗಿದಾಗ ಮಾತ್ರ. ವೈರಿನದೇ ದೋಷವಾಗಿದ್ದರೆ 'ಆನ್' ಜಾಗದಲ್ಲಿಯೂ ನಷ್ಟ ಕಾಣಿಸಬೇಕಿತ್ತು.

ಅರ್ಧದಷ್ಟು ವೋಲ್ಟೇಜ್ ಉಳಿದಿದೆಯಲ್ಲ, ಅರ್ಧ ಕಿಡಿಯಾದರೂ ಬರಬೇಡವೇ ಎನ್ನಿಸಬಹುದು. ವೋಲ್ಟೇಜ್ ಇಳಿದಷ್ಟೇ ಕರೆಂಟೂ ಇಳಿಯುತ್ತದೆ, ಮತ್ತು ಕಾಯಿಲಿನಲ್ಲಿ ಸಂಗ್ರಹವಾಗುವ ಶಕ್ತಿ ಕರೆಂಟಿನ ವರ್ಗಕ್ಕೆ (ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿರುವುದರಿಂದ 11.6ರ ಜಾಗದಲ್ಲಿ 5.2 ಬಂದರೆ ಶಕ್ತಿ ಐದನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಸ್ವಿಚ್ಚು ಆರೋಗ್ಯವಾಗಿದ್ದು 10 ವೋಲ್ಟ್ ತಲುಪಿದ್ದರೆ ಸುಮಾರು ಮುಕ್ಕಾಲು ಪಾಲು ಉಳಿಯುತ್ತಿತ್ತು. ತೆರೆದ ಗಾಳಿಯಲ್ಲಿ ಹೇಗೋ ಹಾರುವ ಬಡಕಲು ಕಿಡಿ ಕಂಪ್ರೆಷನ್ನಿನ ಒತ್ತಡದಲ್ಲಿ, ಪೆಟ್ರೋಲಿನಲ್ಲಿ ನೆನೆದ ಪ್ಲಗ್ಗಿನಲ್ಲಿ ಹಾರಲಾರದು.

ಖಾತ್ರಿಗಾಗಿ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ಯಾಟರಿಯ ಪ್ಲಸ್‌ನಿಂದ ಕಾಯಿಲಿನ ಪ್ಲಸ್‌ಗೆ ಫ್ಯೂಸ್ ಇರುವ ವೈರೊಂದನ್ನು ನೇರವಾಗಿ ಎಳೆದೆ. ಎಂಜಿನ್ ತಕ್ಷಣ ಹಿಡಿಯಿತು. ಹೀಗೆ ಮಾಡುವವರು ಎರಡು ವಿಷಯ ತಿಳಿದಿರಬೇಕು: ಆ ವೈರನ್ನು ಕೀಳುವವರೆಗೆ ಚಾವಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ಕರೆಂಟನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಕೆಲಸ ಮಾಡುವ ಕಾಯಿಲ್ ಆಗಿದ್ದರೆ ಈ ನೇರ ಸಂಪರ್ಕದಲ್ಲಿ ಬಹುಬೇಗ ಕಾದುಹೋಗುತ್ತದೆ.

ಸ್ವಿಚ್ಚಿನ ಹಿಂಭಾಗವನ್ನು ಬಿಚ್ಚಿದಾಗ 'ಸ್ಟಾರ್ಟ್' ಜಾಗದ ತಾಮ್ರದ ಸಂಪರ್ಕ ಸುಟ್ಟು ಕಪ್ಪಾಗಿ, ಮಧ್ಯದಲ್ಲಿ ಗುಳಿ ಬಿದ್ದಿತ್ತು. ವಯಸ್ಸಿನ ಸವೆತವಿದು. ಈ ಕಾರಿನಲ್ಲಿ ಸೆಲ್ಫ್‌ನ ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ವಿದ್ಯುತ್ಕಾಂತದ ಸ್ವಿಚ್ಚು) ಎಳೆಯುವ ದೊಡ್ಡ ಕರೆಂಟೂ ಇದೇ ಸ್ವಿಚ್ಚಿನ ಮೂಲಕ ಹಾದುಹೋಗುತ್ತದೆ. ಎಮರಿ ಕಾಗದದಲ್ಲಿ ಉಜ್ಜಿ ಕೂರಿಸಿದರೆ ಕೆಲವು ವಾರ ನಡೆದೀತು, ಆದರೆ ಗುಳಿ ಬಿದ್ದ ತಾಮ್ರವನ್ನು ನಂಬುವುದು ಸರಿಯೆನಿಸಲಿಲ್ಲ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಿಂದ ಹೊಸ ಸ್ವಿಚ್ ತಂದು ಹಾಕಿದೆ. ಜೊತೆಗೆ ಸೊಲೆನಾಯ್ಡಿಗೆ ಪ್ರತ್ಯೇಕ ರಿಲೇ ಜೋಡಿಸಿ, ಚಾವಿಯ ಪಾಲಿಗೆ ರಿಲೇ ಎಳೆಯುವಷ್ಟು ಚಿಕ್ಕ ಕರೆಂಟನ್ನು ಮಾತ್ರ ಬಿಟ್ಟೆ. ಈಗ ಸೆಲ್ಫ್ ತಿರುಗುವಾಗ ಕಾಯಿಲಿನಲ್ಲಿ 9.8 ವೋಲ್ಟ್ ಇದೆ. ಬೆಳಿಗ್ಗೆ ಚೋಕ್ ಎಳೆದು ಚಾವಿ ತಿರುಗಿಸಿದರೆ ಎಂಜಿನ್ ಒಂದೆರಡು ಸುತ್ತಿನಲ್ಲೇ ಹಿಡಿಯುತ್ತದೆ.

ಬಾಕಿ ಉಳಿದದ್ದು ಬಿಸಿಯಲ್ಲಿನ ತಕರಾರು. ಸೇಡಂ ರಸ್ತೆಯಲ್ಲಿ ಓಡಿಸಿ ಬಂದು ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಮರಳಿ ಸ್ಟಾರ್ಟ್ ಆಗಲು ತಡವಾಗುತ್ತದೆ, ಪೆಟ್ರೋಲಿನ ವಾಸನೆಯೂ ಬರುತ್ತದೆ. ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲು ಕಾದು ಇನ್‌ಟೇಕಿಗೆ ಉಕ್ಕುತ್ತಿರಬಹುದು, ಇಲ್ಲವೇ ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚದೆ ಇರಬಹುದು. ಮುಂದಿನ ಸಲ ಕಾರು ನಿಲ್ಲಿಸಿದ ಕೂಡಲೇ ಏರ್‌ಕ್ಲೀನರ್ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಪೆಟ್ರೋಲು ತೊಟ್ಟಿಕ್ಕುವುದು ತಕ್ಷಣವೋ ಬಿಸಿ ಏರಿದ ಮೇಲೋ ಎಂದು ನೋಡುವವನಿದ್ದೇನೆ. ತಕ್ಷಣವಾದರೆ ಸೂಜಿಯನ್ನು ಬಿಚ್ಚುವುದು, ತಡವಾಗಿಯಾದರೆ ಕಾರ್ಬೊರೇಟರ್ ಕೆಳಗಿನ ಇನ್ಸುಲೇಟರನ್ನು ಪರೀಕ್ಷಿಸುವುದು.